ಮೂವತ್ತು ಇಂಚಿನ ಶಾಫ್ಟು, ಜೇಮ್ಸ್ ನಾಸ್ಮಿತ್‌ನ ಸುತ್ತಿಗೆ

ಮೊದಲ ವರ್ಷದ ವರ್ಕ್‌ಶಾಪ್‌ನಲ್ಲಿ ಸ್ಮಿತಿ ಜಾಬ್ ಮಾಡಿದ್ದು ನೆನಪಿದೆಯಾ? ದುಂಡನೆಯ ಸರಳನ್ನು ಕುಲುಮೆಯಲ್ಲಿ ಕೆಂಪಗೆ ಕಾಯಿಸಿ, ಅಡಿಗಲ್ಲಿನ ಮೇಲಿಟ್ಟು ಬಡಿದು ಚೌಕ ಮಾಡೋದು. ನಮ್ಮ ಬ್ಯಾಚಿನಲ್ಲಿ ಅರ್ಧ ಜನರ ಚೌಕ ಯಾವ ಕೋನದಲ್ಲಿ ನೋಡಿದರೂ ಚೌಕ ಆಗಿರಲಿಲ್ಲ. ನನ್ನದನ್ನು ಆಮೇಲೆ ಹ್ಯಾಕ್ಸಾದಲ್ಲಿ ಕತ್ತರಿಸಿ ನೋಡಿದಾಗ ನಡುವೆ ಕೂದಲೆಳೆಯಂಥ ಒಂದು ಬಿರುಕು ಕಂಡಿತು. ಮೇಲುಗಡೆ ಏನೂ ಇಲ್ಲ, ಒಳಗೆ ಸೀಳು. ಬಡಿದದ್ದು ಹೊರಗೆ, ಒಡೆದದ್ದು ಒಳಗೆ! ಇನ್‌ಸ್ಟ್ರಕ್ಟರ್ ನೋಡಿ ನಕ್ಕರು, ಮಾರ್ಕ್ಸ್ ಕೊಟ್ಟರು, ಕಾರಣ ಹೇಳಲಿಲ್ಲ.

ಆ ಕಾರಣ ನನಗೆ ಸಿಕ್ಕಿದ್ದು ನಾಲ್ಕನೇ ಸೆಮಿಸ್ಟರ್‌ನಲ್ಲಿ, ಅದೂ ಪಠ್ಯಪುಸ್ತಕದಲ್ಲಲ್ಲ, ಜೇಮ್ಸ್ ನಾಸ್ಮಿತ್ ಎಂಬ ಸ್ಕಾಟ್ಲೆಂಡಿನವನ ಬದುಕಿನ ಕಥೆ ಓದುವಾಗ. ಸ್ಟೀಮ್ ಹ್ಯಾಮರ್ ಕಂಡುಹಿಡಿದವನು ಅಂತ ಅವನ ಹೆಸರನ್ನು ನಾವೆಲ್ಲ ಒಂದು ಮಾರ್ಕಿನ ಪ್ರಶ್ನೆಗೆ ಉರು ಹೊಡೆದಿರ್ತೀವಿ. ಆದರೆ ಅವನ ನಿಜವಾದ ತಲೆನೋವು ಸುತ್ತಿಗೆಯಲ್ಲ, ಶಾಫ್ಟು. ಹಲವು ತುಂಡುಗಳನ್ನು ಬೆಸೆದು, ಆ ಬೆಸೆದ ಕಂತೆಯನ್ನೇ ಬಡಿದು ಒಂದು ಶಾಫ್ಟ್ ಮಾಡೋದು ಹೇಗೆ, ಮಾಡಿದ ಮೇಲೆ ಅದರ ತಿರುಳು ಗಟ್ಟಿಯಾಗಿದೆ ಅಂತ ನಂಬೋದು ಹೇಗೆ, ಇದು.

ನಾಸ್ಮಿತ್ ಹುಟ್ಟಿದ್ದು 1808ರ ಆಗಸ್ಟ್ 19ರಂದು, ಎಡಿನ್‌ಬರೋದ ಯಾರ್ಕ್ ಪ್ಲೇಸ್‌ನ ಮನೆಯಲ್ಲಿ. ಅಪ್ಪ ಅಲೆಕ್ಸಾಂಡರ್ ನಾಸ್ಮಿತ್ ಆ ಕಾಲದ ದೊಡ್ಡ ಚಿತ್ರಕಾರ. ಕವಿ ರಾಬರ್ಟ್ ಬರ್ನ್ಸ್‌ನ ಮುಖ ಇಂದು ನಮಗೆ ಗೊತ್ತಿರುವುದೇ ಅವರು ಬರೆದ ಚಿತ್ರದಿಂದ. ಆದರೆ ಅವರಿಗೆ ಬಣ್ಣದಷ್ಟೇ ಯಂತ್ರದ ಹುಚ್ಚೂ ಇತ್ತು. ಮನೆಯಲ್ಲೇ ಒಂದು ವರ್ಕ್‌ಶಾಪ್ ಇಟ್ಟುಕೊಂಡಿದ್ದರು. ಅವರ ಬಗ್ಗೆ ಒಂದು ಕಥೆ ನನಗೆ ತುಂಬಾ ಇಷ್ಟ. ಒಂದು ಭಾನುವಾರ ರಿವೆಟ್ ಹಾಕುವ ತುರ್ತು ಕೆಲಸ ಬಂತು. ಸ್ಕಾಟ್ಲೆಂಡಿನಲ್ಲಿ ಭಾನುವಾರ ಸುತ್ತಿಗೆ ಸದ್ದು ಮಾಡಿದರೆ ಬೀದಿಯವರು ಸುಮ್ಮನಿರೋಲ್ಲ. ಅದಕ್ಕೆ ಅವರು ರಿವೆಟ್ಟನ್ನು ಬಡಿಯದೆ ವೈಸ್‌ನ ದವಡೆಯ ನಡುವೆ ಇಟ್ಟು ಹಿಂಡಿದರು. ಸದ್ದಿಲ್ಲ, ಕೆಲಸ ಆಯ್ತು, ಬಡಿದದ್ದಕ್ಕಿಂತ ಚೆನ್ನಾಗಿಯೂ ಆಯ್ತು. ಬಡಿಯೋದು ಬೇರೆ, ಹಿಂಡೋದು ಬೇರೆ ಅನ್ನೋದನ್ನು ಇಲ್ಲೇ ಗುರುತು ಹಾಕಿಕೊಳ್ಳಿ, ಆಮೇಲೆ ಬೇಕಾಗುತ್ತೆ.

ಹುಡುಗನಿಗೆ ಶಾಲೆ ಹಿಡಿಸಲಿಲ್ಲ. ಹನ್ನೆರಡರ ಆಸುಪಾಸಿನಲ್ಲೇ ಹೈಸ್ಕೂಲು ಬಿಟ್ಟ. ಸಹಪಾಠಿಯೊಬ್ಬನ ಅಪ್ಪನ ಕಬ್ಬಿಣದ ಫೌಂಡ್ರಿಯೇ ಅವನ ಕಾಲೇಜಾಯಿತು. ಎರಕ, ಕುಲುಮೆ, ಲೇತು, ಎಲ್ಲ ಅಲ್ಲಿ ನಿಂತು ನೋಡಿ ಕಲಿತದ್ದು. ಅಪ್ಪ ಚಿತ್ರ ಬರೆಯುವುದನ್ನು ಕಲಿಸಿದರು. ರಾತ್ರಿ ತನ್ನ ಮಲಗುವ ಕೋಣೆಯ ಬೆಂಕಿಗೂಡಿನಲ್ಲೇ ಹಿತ್ತಾಳೆ ಕರಗಿಸಿ ಮಾದರಿ ಎಂಜಿನ್‌ಗಳಿಗೆ ಬಿಡಿಭಾಗ ಎರಕ ಹೊಯ್ಯುತ್ತಿದ್ದ. ಕೆಳಗಿನ ಕೋಣೆಯಲ್ಲಿ ಅಪ್ಪ ಮಲಗಿರ್ತಾರೆ ಅಂತ ಮರಳಿನ ಅಚ್ಚು ಕುಟ್ಟುವಾಗ ಸದ್ದಾಗದ ಹಾಗೆ ಎಚ್ಚರಿಕೆ. ಹಾಸ್ಟೆಲ್ ರೂಮಿನಲ್ಲಿ ಇಂಡಕ್ಷನ್ ಸ್ಟೌವ್ ಬಚ್ಚಿಡೋರಿಗೆ ಈ ಕಷ್ಟ ಅರ್ಥ ಆಗುತ್ತೆ. 1827ರಿಂದ 28ರ ಹೊತ್ತಿಗೆ ರಸ್ತೆಯ ಮೇಲೆ ಓಡುವ ಒಂದು ಉಗಿಗಾಡಿಯನ್ನೇ ಕಟ್ಟಿ, ಎಂಟು ಜನರನ್ನು ಕೂರಿಸಿಕೊಂಡು ಕ್ವೀನ್ಸ್‌ಫೆರ್ರಿ ರಸ್ತೆಯಲ್ಲಿ ಓಡಿಸಿದ. ಆಗ ಅವನ ವಯಸ್ಸು ಇಪ್ಪತ್ತರ ಒಳಗೆ.

ಅವನಿಗೆ ಒಂದೇ ಆಸೆ, ಲಂಡನ್ನಿನ ಹೆನ್ರಿ ಮಾಡ್ಸ್ಲೆಯ ಹತ್ತಿರ ಕೆಲಸ ಕಲೀಬೇಕು. ಸ್ಕ್ರೂ ಕಟಿಂಗ್ ಲೇತ್, ಸ್ಲೈಡ್ ರೆಸ್ಟ್ ಅಂತೆಲ್ಲ ಓದ್ತೀವಲ್ಲ, ಅದೇ ಮಾಡ್ಸ್ಲೆ. ಆದರೆ ಅವರು ದುಡ್ಡು ಕೊಟ್ಟು ಸೇರುವ ಶ್ರೀಮಂತರ ಮಕ್ಕಳ ಕಾಟದಿಂದ ಬೇಸತ್ತು, ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳೋದನ್ನೇ ನಿಲ್ಲಿಸಿದ್ದರು. 1829ರಲ್ಲಿ ನಾಸ್ಮಿತ್ ಅಪ್ಪನ ಜೊತೆ ಲಂಡನ್ನಿಗೆ ಹೋದ. ಕೈಯಲ್ಲಿ ತಾನೇ ಮಾಡಿದ ಪುಟ್ಟ ಉಗಿ ಎಂಜಿನ್ನು, ಡ್ರಾಯಿಂಗ್‌ಗಳ ಕಟ್ಟು. ಅಲ್ಲಿ ಬಾಯ್ಲರ್‌ನ ಬೂದಿ ಬಳಿಯುವವನನ್ನು ನೋಡಿ, ಆ ಕೆಲಸ ಕೊಟ್ಟರೂ ಸಾಕು ಅಂದನಂತೆ. ಮಾಡ್ಸ್ಲೆ ಎಂಜಿನ್ ನೋಡಿದರು, ಡ್ರಾಯಿಂಗ್ ನೋಡಿದರು, ಬೂದಿ ಬಳಿಯೋಕೆ ಬಿಡದೆ ತಮ್ಮ ಖಾಸಗಿ ವರ್ಕ್‌ಶಾಪ್‌ಗೇ ಸಹಾಯಕನಾಗಿ ಸೇರಿಸಿಕೊಂಡರು. ವಾರಕ್ಕೆ 10 ಶಿಲಿಂಗ್ ಸಂಬಳ. ಅಪ್ಪನ ದುಡ್ಡು ಮುಟ್ಟಬಾರದು ಅಂತ ಅಷ್ಟರಲ್ಲೇ ಬದುಕಿದ. ದೀಪದ ಉರಿಯಲ್ಲಿ ನಿಧಾನಕ್ಕೆ ಬೇಯುವ ಒಂದು ಒಲೆಯನ್ನು ತಾನೇ ಮಾಡಿಕೊಂಡು ಅಡುಗೆ ಮಾಡಿ ಉಂಡ.

ಅಲ್ಲಿದ್ದ ಎರಡು ವರ್ಷದಲ್ಲಿ ಮಾಡಿದ ಎರಡು ಸಣ್ಣ ಕೆಲಸ ಹೇಳ್ತೀನಿ. ಒಂದು, ಷಟ್ಕೋನದ ನಟ್ಟುಗಳನ್ನು ಮಿಲ್ಲಿಂಗ್‌ನಿಂದ ಕತ್ತರಿಸುವ ಯಂತ್ರ. ಇನ್ನೊಂದು, ತಂತಿಯನ್ನು ಸುರುಳಿ ಸುತ್ತಿ ಮಾಡಿದ ಬಾಗುವ ಶಾಫ್ಟು. ಡ್ರಿಲ್ ನೇರವಾಗಿ ತಲುಪದ ಮೂಲೆಗೂ ತಿರುಗುವ ಚಲನೆಯನ್ನು ಒಯ್ಯೋಕೆ. ಶಾಫ್ಟಿನ ಜೊತೆ ಅವನ ನಂಟು ಶುರುವಾದದ್ದೇ ಹೀಗೆ. 1831ರಲ್ಲಿ ಮಾಡ್ಸ್ಲೆ ತೀರಿಕೊಂಡರು. ನಾಸ್ಮಿತ್ ಎಡಿನ್‌ಬರೋಗೆ ಮರಳಿ, ತನಗೆ ಬೇಕಾದ ಲೇತು, ಪ್ಲೇನರ್‌ಗಳನ್ನು ತಾನೇ ಕಟ್ಟಿಕೊಂಡು 1834ರಲ್ಲಿ ಮ್ಯಾಂಚೆಸ್ಟರ್ ಸೇರಿದ.

ಮ್ಯಾಂಚೆಸ್ಟರ್‌ನಲ್ಲಿ ಹಳೆಯ ಹತ್ತಿ ಗಿರಣಿಯೊಂದರ ಮಹಡಿ ಬಾಡಿಗೆಗೆ ಸಿಕ್ಕಿತು. ಕೆಳಗಿನ ಬಾಡಿಗೆದಾರ ಗಾಜು ಕೊರೆಯುವವನು! ಒಂದು ದಿನ ಎಂಜಿನ್ನಿನ ಭಾರೀ ಬೀಮ್ ನೆಲ ತೂರಿಕೊಂಡು ಅವನ ಲೋಟಗಳ ನಡುವೆ ಇಳಿಯಿತು. ಅಲ್ಲಿಗೆ ಮಹಡಿಯ ವ್ಯವಹಾರ ಮುಗಿಯಿತು. 1836ರಲ್ಲಿ ಪ್ಯಾಟ್ರಿಕ್ರಾಫ್ಟ್ ಎಂಬಲ್ಲಿ, ಒಂದು ಕಡೆ ಬ್ರಿಡ್ಜ್‌ವಾಟರ್ ಕಾಲುವೆ, ಇನ್ನೊಂದು ಕಡೆ ಲಿವರ್‌ಪೂಲ್ ರೈಲು ಇರುವ ಜಾಗ ಹಿಡಿದು, ಹಾಲ್‌ಬ್ರೂಕ್ ಗ್ಯಾಸ್ಕೆಲ್ ಎಂಬ ಪಾಲುದಾರನೊಂದಿಗೆ ಬ್ರಿಡ್ಜ್‌ವಾಟರ್ ಫೌಂಡ್ರಿ ಶುರುಮಾಡಿದ. ಶೇಪರ್ ಯಂತ್ರ, ಕರಗಿದ ಕಬ್ಬಿಣದ ಸೌಟನ್ನು ವರ್ಮ್ ಗೇರ್‌ನಿಂದ ನಿಧಾನವಾಗಿ ಬಗ್ಗಿಸುವ ವ್ಯವಸ್ಥೆ, ಎಲ್ಲ ಈ ಕಾಲದ್ದು. ಆ ಸೌಟಿನಿಂದ ಎಷ್ಟೋ ಕೂಲಿಗಳ ಕಾಲು ಉಳಿದಿರಬೇಕು. ಅದಕ್ಕೆ ಅವನು ಪೇಟೆಂಟ್ ತೆಗೆದುಕೊಳ್ಳಲಿಲ್ಲ, ಯಾರು ಬೇಕಾದರೂ ಮಾಡಿಕೊಳ್ಳಲಿ ಅಂತ ಬಿಟ್ಟ.

ಈಗ 1839. ಬ್ರೂನೆಲ್‌ನ ದೊಡ್ಡ ಹಡಗು ಗ್ರೇಟ್ ಬ್ರಿಟನ್ ಬ್ರಿಸ್ಟಲ್‌ನಲ್ಲಿ ಕಟ್ಟುವ ಹಂತದಲ್ಲಿದೆ. ಆಗಿನ ಲೆಕ್ಕದಲ್ಲಿ ಅದು ಎರಡು ಬದಿಗೂ ದೈತ್ಯ ಚಕ್ರಗಳಿರುವ ಪ್ಯಾಡಲ್ ಹಡಗು. ಆ ಎರಡು ಚಕ್ರಗಳ ನಡುವಿನ ಶಾಫ್ಟ್ 30 ಇಂಚು ವ್ಯಾಸದ್ದಾಗಬೇಕು. ಅಂದ್ರೆ ಮುಕ್ಕಾಲು ಮೀಟರ್ ದಪ್ಪದ ಕಬ್ಬಿಣದ ಕಂಬ. ಕಂಪನಿಯ ಎಂಜಿನಿಯರ್ ಫ್ರಾನ್ಸಿಸ್ ಹಂಫ್ರೀಸ್ ಇಂಗ್ಲೆಂಡು, ಸ್ಕಾಟ್ಲೆಂಡುಗಳ ಫೋರ್ಜ್‌ಗಳಿಗೆಲ್ಲ ಪತ್ರ ಬರೆದ. ಯಾರೂ ಒಪ್ಪಲಿಲ್ಲ. ಕೊನೆಗೆ ನಾಸ್ಮಿತ್‌ಗೆ ಬರೆದು, ಎರಕದ ಕಬ್ಬಿಣದ ಶಾಫ್ಟನ್ನೇ ಹಾಕಿಬಿಡಲಾ ಅಂತ ಕೇಳಿದ.

ಅದರಲ್ಲಿ ಅಷ್ಟು ಕಷ್ಟ ಏನಿತ್ತು? ಇದನ್ನು ಸ್ವಲ್ಪ ನಿಂತು ನೋಡಬೇಕು.

ಆಗ ಅಗ್ಗದ ಉಕ್ಕು ಇನ್ನೂ ಬಂದಿರಲಿಲ್ಲ. ಬೆಸ್ಸೆಮರ್ ಬರೋದು 1856ಕ್ಕೆ. ಶಾಫ್ಟ್ ಮಾಡಲು ಇದ್ದದ್ದು ರಾಟ್ ಐರನ್, ಬಡಿದ ಕಬ್ಬಿಣ. ಇದನ್ನು ಕರಗಿಸಿ ಎರಕ ಹೊಯ್ಯೋ ಹಾಗಿಲ್ಲ. ಪಡ್ಲಿಂಗ್ ಕುಲುಮೆಯಲ್ಲಿ ಹಿಟ್ಟಿನ ಮುದ್ದೆಯ ಹಾಗೆ ಉಂಡೆ ಕಟ್ಟಿ ತೆಗೆದು, ಬಡಿದು, ಉರುಳಿಸಿ ಪಟ್ಟಿ ಮಾಡ್ತಿದ್ದರು. ಒಂದೊಂದು ಉಂಡೆ ಒಬ್ಬ ಮನುಷ್ಯ ಇಕ್ಕಳದಲ್ಲಿ ಹಿಡಿಯುವಷ್ಟು ತೂಕದ್ದು. ಹಾಗಾದರೆ ಟನ್‌ಗಟ್ಟಲೆ ತೂಗುವ ಶಾಫ್ಟ್ ಎಲ್ಲಿಂದ ಬರಬೇಕು? ಪಟ್ಟಿಗಳನ್ನು ಸೌದೆಯಂತೆ ಕಂತೆ ಕಟ್ಟಿ, ಬೆಳ್ಳಗೆ ಉರಿಯುವ ತನಕ, ಸುಮಾರು 1300 ಡಿಗ್ರಿಗೆ ಕಾಯಿಸಿ, ಬಡಿದು ಒಂದಕ್ಕೊಂದು ಬೆಸೆಯಬೇಕು. ಆ ಮುದ್ದೆಯ ಮೇಲೆ ಇನ್ನಷ್ಟು ಪಟ್ಟಿ ಇಟ್ಟು, ಮತ್ತೆ ಕಾಯಿಸಿ, ಮತ್ತೆ ಬಡಿಯಬೇಕು. ಕ್ರೇನಿನಿಂದ ಇಳಿಬಿಟ್ಟ ಉದ್ದನೆಯ ಸರಳಿನ ತುದಿಗೆ ಆ ಮುದ್ದೆ, ಅದನ್ನು ತಿರುಗಿಸಲು ಹತ್ತಾರು ಜನ. ಹೀಗೆ ವಾರಗಟ್ಟಲೆ ಬೆಳೆಸಿ ಶಾಫ್ಟ್ ಮಾಡೋದು. ಅಂದ್ರೆ ಆ ಕಾಲದ ದೊಡ್ಡ ಶಾಫ್ಟ್ ಯಾವುದೂ ಒಂದು ತುಂಡಲ್ಲ, ನೂರಾರು ಬೆಸುಗೆಗಳ ಮೊತ್ತ. ಅದೂ ಒಂದೇ ವಸ್ತುವಲ್ಲ. ರಾಟ್ ಐರನ್ ಅಂದರೆ ಕಬ್ಬಿಣದೊಳಗೆ ಗಾಜಿನಂಥ ಕಿಟ್ಟದ ಎಳೆಗಳು ಹಾಯ್ದಿರುವ ಮಿಶ್ರಣ. ನಾವು ಈಗ ಕಾಂಪೋಸಿಟ್ ಅಂತ ಕರೆಯೋ ಜಾತಿಯದ್ದೇ.

ಇಂಥ ಕಂತೆ ಬೆಸೆಯಬೇಕಾದರೆ ಪೆಟ್ಟು ಒಳಗಿನವರೆಗೂ ಹೋಗಬೇಕು, ಪಟ್ಟಿಗಳ ನಡುವಿನ ಕಿಟ್ಟ ಹಿಂಡಿ ಹೊರಬರಬೇಕು. ಆಗಿನ ದೊಡ್ಡ ಸುತ್ತಿಗೆಗಳೆಲ್ಲ ನಮ್ಮ ಏತದ ಹಾಗೆ. ಒಂದು ಉದ್ದನೆಯ ತೊಲೆ, ತುದಿಯಲ್ಲಿ ತಲೆ, ತಿರುಗುವ ಕ್ಯಾಮ್ ಅದನ್ನು ಎತ್ತಿ ಬಿಡುತ್ತೆ. ಎತ್ತುವ ಎತ್ತರ ನಿಗದಿತ. ಅಡಿಗಲ್ಲಿನ ಮೇಲೆ ತೆಳು ಪಟ್ಟಿ ಇದ್ದರೆ ಸುತ್ತಿಗೆಗೆ ಬೀಳಲು ಪೂರ್ತಿ ಎತ್ತರ ಸಿಗುತ್ತೆ. ದಪ್ಪ ಶಾಫ್ಟ್ ಇಟ್ಟರೋ, ಅದೇ ಜಾಗವನ್ನೆಲ್ಲ ತಿಂದುಬಿಡುತ್ತೆ, ಬೀಳುವ ಎತ್ತರ ಗೇಣು ಉಳಿಯೋಲ್ಲ. ದೊಡ್ಡ ಪೆಟ್ಟು ಬೇಕಾದಾಗಲೇ ಸಣ್ಣ ಪೆಟ್ಟು. ಹೈಸ್ಕೂಲಿನ ಎಮ್‌ಜಿಎಚ್ ಅಷ್ಟೇ, ಎಚ್ ಸೊನ್ನೆಯ ಹತ್ತಿರ ಹೋದರೆ ಎಮ್ ಎಷ್ಟಿದ್ದೇನು? ಜೊತೆಗೆ ತೊಲೆ ಕಮಾನಿನಲ್ಲಿ ತೂಗುವುದರಿಂದ ಸುತ್ತಿಗೆಯ ಮುಖ ಅಡಿಗಲ್ಲಿಗೆ ಸಮಾನಾಂತರವಾಗಿ ಬೀಳೋದು ಒಂದೇ ಒಂದು ದಪ್ಪಕ್ಕೆ ಮಾತ್ರ.

ನಾಸ್ಮಿತ್ ಪತ್ರ ಓದಿ ತನ್ನ ಸ್ಕೀಮ್ ಬುಕ್ ತೆಗೆದ. ಹೊಳೆದದ್ದನ್ನೆಲ್ಲ ಚಿತ್ರ ಬರೆದಿಡುವ ನೋಟ್‌ಬುಕ್ ಅದು. ಅರ್ಧ ಗಂಟೆ ಮೇಲೆ ಸ್ವಲ್ಪ ಹೊತ್ತಿನಲ್ಲಿ ಚಿತ್ರ ಮುಗಿಯಿತು. ಪುಟದ ಮೇಲಿನ ತಾರೀಖು 1839ರ ನವೆಂಬರ್ 24. ಎರಡು ಕಾಲಿನ ಚೌಕಟ್ಟು, ಅದರ ತಲೆಯ ಮೇಲೆ ಉಗಿ ಸಿಲಿಂಡರ್, ಪಿಸ್ಟನ್ ರಾಡ್ ಕೆಳಮುಖ, ರಾಡಿಗೆ ನೇರವಾಗಿ ಕಟ್ಟಿದ ಕಬ್ಬಿಣದ ದಿಂಡು. ಉಗಿ ಒಳಗೆ ಬಿಟ್ಟರೆ ದಿಂಡು ಏಳುತ್ತೆ, ಹೊರಗೆ ಬಿಟ್ಟರೆ ಬೀಳುತ್ತೆ. ತೊಲೆ ಇಲ್ಲ, ಕ್ಯಾಮ್ ಇಲ್ಲ, ಚಕ್ರ ಇಲ್ಲ. ಕಾಲುಗಳ ನಡುವೆ ಎಷ್ಟು ದಪ್ಪದ ಕೆಲಸ ಬೇಕಾದರೂ ಇಡಬಹುದು, ಎತ್ತರ ನಮ್ಮ ಕೈಯಲ್ಲಿ. ಉದಾಹರಣೆಗೆ ಒಂದೂವರೆ ಟನ್ ದಿಂಡು 1.2 ಮೀಟರ್ ಬಿದ್ದರೆ ಒಂದೊಂದು ಪೆಟ್ಟಿಗೂ ಸುಮಾರು 17.6 ಕಿಲೋಜೌಲ್. ಯೋಚನೆ ಇಷ್ಟು ಸರಳ ಅಂತ ಈಗ ಅನ್ನಿಸುತ್ತೆ. ಅಷ್ಟು ಹೊತ್ತೂ ಎಲ್ಲರೂ ತೊಲೆಯನ್ನು ಇನ್ನೂ ಉದ್ದ, ಇನ್ನೂ ದಪ್ಪ ಮಾಡೋದು ಹೇಗೆ ಅಂತಲೇ ಯೋಚಿಸ್ತಾ ಇದ್ದರು.

ಚಿತ್ರ ಬ್ರಿಸ್ಟಲ್‌ಗೆ ಹೋಯಿತು, ಬ್ರೂನೆಲ್ ಮುಂತಾದವರು ಮೆಚ್ಚಿದರು. ಆಮೇಲೆ ಏನಾಯ್ತು? ಏನೂ ಆಗಲಿಲ್ಲ. 1840ರಲ್ಲಿ ಆರ್ಕಿಮಿಡೀಸ್ ಎಂಬ ಹಡಗು ಸ್ಕ್ರೂ ಪ್ರೊಪೆಲರ್‌ನಿಂದ ಓಡಿ ತೋರಿಸಿತು. ಬ್ರೂನೆಲ್ ಮನಸ್ಸು ಬದಲಿಸಿದ. ಪ್ಯಾಡಲ್ ಹೋಯಿತು, ಅದರ ಜೊತೆ 30 ಇಂಚಿನ ಶಾಫ್ಟೂ ಹೋಯಿತು. ಈ ಆಘಾತದಲ್ಲೇ ಹಂಫ್ರೀಸ್ ಕಾಯಿಲೆ ಬಿದ್ದು ತೀರಿಕೊಂಡ ಅಂತ ನಾಸ್ಮಿತ್ ಮುಂದೆ ಬರೆದ. ಒಂದು ಡಿಸೈನ್ ಚೇಂಜ್ ಅಂತ ನಾವು ಒಂದು ಸಾಲಲ್ಲಿ ಬರೆಯೋದರ ಹಿಂದೆ ಹೀಗೂ ಇರುತ್ತೆ. ಸುತ್ತಿಗೆಯನ್ನು ಕೊಳ್ಳುವವರು ಯಾರೂ ಸಿಗಲಿಲ್ಲ. ಕಬ್ಬಿಣದ ವ್ಯಾಪಾರ ಬಿದ್ದುಹೋಗಿತ್ತು. ಚಿತ್ರ ಪುಸ್ತಕದಲ್ಲೇ ಉಳಿಯಿತು. ಪಾಲುದಾರರು ಪೇಟೆಂಟಿಗೂ ದುಡ್ಡು ಹಾಕಲು ಒಪ್ಪಲಿಲ್ಲ.

ನಾಸ್ಮಿತ್ ಬಂದವರಿಗೆಲ್ಲ ಪುಸ್ತಕ ತೋರಿಸೋನು, ಮುಚ್ಚಿಡುವ ಸ್ವಭಾವ ಇರಲಿಲ್ಲ. ಒಮ್ಮೆ ಅವನು ಊರಲ್ಲಿಲ್ಲದಾಗ ಫ್ರಾನ್ಸಿನ ಕ್ರೂಸೋ ಕಾರ್ಖಾನೆಯ ಶ್ನೈಡರ್ ಮತ್ತು ಅವರ ಎಂಜಿನಿಯರ್ ಬೂರ್ದೋ ಬಂದರು. ಗ್ಯಾಸ್ಕೆಲ್ ಅವರಿಗೂ ತೋರಿಸಿದ. 1842ರ ಏಪ್ರಿಲ್‌ನಲ್ಲಿ ನಾಸ್ಮಿತ್ ಫ್ರಾನ್ಸಿಗೆ ಹೋದಾಗ ಕ್ರೂಸೋ ನೋಡಲು ಹೋದ. ಅಲ್ಲಿ ಅಚ್ಚುಕಟ್ಟಾಗಿ ಫೋರ್ಜ್ ಮಾಡಿದ ದೊಡ್ಡ ಕ್ರ್ಯಾಂಕ್ ಶಾಫ್ಟೊಂದು ಕಣ್ಣಿಗೆ ಬಿತ್ತು. ಇದನ್ನು ಹೇಗೆ ಮಾಡಿದಿರಿ ಅಂತ ಬೆರಗಿನಿಂದ ಕೇಳಿದ. ನಿಮ್ಮ ಸುತ್ತಿಗೆಯಿಂದಲೇ ಅಂತ ಬೂರ್ದೋ ಉತ್ತರ ಕೊಟ್ಟು, ಫೋರ್ಜಿಗೆ ಕರೆದುಕೊಂಡು ಹೋಗಿ ತೋರಿಸಿದ. ಇದು ನಾಸ್ಮಿತ್ ಹೇಳಿದ ಕಥೆ. ಬೂರ್ದೋ ಸ್ವತಂತ್ರವಾಗಿಯೇ ಯೋಚಿಸಿದ್ದ ಅನ್ನುವವರೂ ಇದ್ದಾರೆ, ಶ್ನೈಡರ್ 1841ರಲ್ಲೇ ಫ್ರಾನ್ಸಿನಲ್ಲಿ ಪೇಟೆಂಟ್ ಪಡೆದಿದ್ದರು. ನನಗನಿಸೋದು, ಕಾಗದದ ಮೇಲೆ ನಾಸ್ಮಿತ್ ಮುಂದು, ಕಬ್ಬಿಣದಲ್ಲಿ ಫ್ರೆಂಚರು ಮುಂದು. ನಾಸ್ಮಿತ್ ಊರಿಗೆ ಓಡಿಬಂದು, ಭಾವ ವಿಲಿಯಂ ಬೆನೆಟ್ ಕೊಟ್ಟ ಸಾಲದಿಂದ ಜೂನ್‌ನಲ್ಲಿ ಪೇಟೆಂಟ್ ಪಡೆದ.

ಆ ಏಪ್ರಿಲ್ ಮತ್ತು ಜೂನ್‌ಗಳ ನಡುವೆ, 1842ರ ಮೇ 8ರಂದು, ಅದೇ ಫ್ರಾನ್ಸಿನಲ್ಲಿ ವರ್ಸೇಲ್ಸ್‌ನಿಂದ ಪ್ಯಾರಿಸ್ಸಿಗೆ ಬರುತ್ತಿದ್ದ ರೈಲಿನ ಎಂಜಿನ್ನಿನ ಆಕ್ಸಲ್ ಮುರಿಯಿತು. ಬೆಂಕಿ ಹತ್ತಿತು. ಡಬ್ಬಿಗಳ ಬಾಗಿಲಿಗೆ ಬೀಗ ಹಾಕಿತ್ತು. ಐವತ್ತಕ್ಕೂ ಹೆಚ್ಚು ಜನ ಸುಟ್ಟುಹೋದರು. ಲೋಹದ ದಣಿವು, ಅಂದ್ರೆ ಫಟೀಗ್, ಎಂಬ ವಿಷಯ ಎಂಜಿನಿಯರ್‌ಗಳ ತಲೆಗೆ ಹತ್ತಿದ್ದು ಈ ಅಪಘಾತದ ನಂತರದ ವರ್ಷಗಳಲ್ಲಿ. ಇನ್ನೆರಡು ವರ್ಷಕ್ಕೆ, 1844ರ ಫೆಬ್ರವರಿ 28ರಂದು, ಅಮೆರಿಕದ ಪ್ರಿನ್ಸ್‌ಟನ್ ಎಂಬ ಯುದ್ಧನೌಕೆಯ ಮೇಲೆ ಪಟ್ಟಿ ಬೆಸೆದು ಮಾಡಿದ ದೊಡ್ಡ ಫಿರಂಗಿ ಸಿಡಿದು, ಇಬ್ಬರು ಮಂತ್ರಿಗಳೂ ಸೇರಿ ಆರು ಜನ ಸತ್ತರು. ತನಿಖೆಯಲ್ಲಿ ಬೆಸುಗೆ ಸರಿಯಾಗಿ ಕೂಡಿರಲಿಲ್ಲ ಅಂತ ಬಂತು. ಹೊರಗಿನಿಂದ ನೋಡಿದರೆ ಫಳಫಳ ಹೊಳೆಯುವ ಲೋಹ. ಆಗ ಎಕ್ಸ್‌ರೇ ಇಲ್ಲ, ಅಲ್ಟ್ರಾಸಾನಿಕ್ ಇಲ್ಲ. ತಿರುಳು ಹೇಗಿದೆ ಅಂತ ತಿಳಿಯಲು ಒಂದೇ ದಾರಿ, ಮುರಿಯುವವರೆಗೆ ಕಾಯೋದು.

ನಾಸ್ಮಿತ್‌ನ ಮೊದಲ ಸುತ್ತಿಗೆ 1843ರಲ್ಲಿ ಪ್ಯಾಟ್ರಿಕ್ರಾಫ್ಟ್‌ನಲ್ಲಿ ಎದ್ದಿತು. ಕವಾಟ ತಾನಾಗಿಯೇ ತೆರೆದು ಮುಚ್ಚುವ ವ್ಯವಸ್ಥೆಯನ್ನು ಒದಗಿಸಿದವನು ಅವನ ಮ್ಯಾನೇಜರ್ ರಾಬರ್ಟ್ ವಿಲ್ಸನ್. ನಾಸ್ಮಿತ್ ತನ್ನ ಆತ್ಮಕಥೆಯಲ್ಲಿ ವಿಲ್ಸನ್‌ಗೆ ಸಲ್ಲಬೇಕಾದ ಶ್ರೇಯ ಕೊಡಲಿಲ್ಲ, ಇದು ನನಗೆ ಹಿಡಿಸದ ಮಾತು. ತಮಾಷೆ ಅಂದ್ರೆ ಇದೇ ವಿಲ್ಸನ್ ಚಿಕ್ಕಂದಿನಿಂದ ಸ್ಕ್ರೂ ಪ್ರೊಪೆಲರ್ ಮೇಲೆ ಕೆಲಸ ಮಾಡಿದ್ದವನು. ಪ್ಯಾಡಲ್ ಶಾಫ್ಟನ್ನು ಕೊಂದದ್ದು ಪ್ರೊಪೆಲರ್, ಅದಕ್ಕೆಂದು ಹುಟ್ಟಿದ ಸುತ್ತಿಗೆಗೆ ಜೀವ ತುಂಬಿದ್ದು ಪ್ರೊಪೆಲರ್‌ನವನು. ಬಂದ ಅತಿಥಿಗಳಿಗೆ ವೈನ್ ಗ್ಲಾಸಿನಲ್ಲಿ ಮೊಟ್ಟೆಯಿಟ್ಟು, ಗ್ಲಾಸಿಗೆ ಏನೂ ಆಗದಂತೆ ಟನ್‌ಗಟ್ಟಲೆ ಸುತ್ತಿಗೆಯಿಂದ ಮೊಟ್ಟೆ ಒಡೆದು ತೋರಿಸೋದು ನಾಸ್ಮಿತ್‌ನ ಖಾಯಂ ಆಟವಾಯಿತು. ಅದೇ ಯಂತ್ರವನ್ನು ತುಸು ಬದಲಿಸಿ ಕಂಬ ಇಳಿಸುವ ಪೈಲ್ ಡ್ರೈವರ್ ಮಾಡಿದ. 1845ರಲ್ಲಿ ಡೆವನ್‌ಪೋರ್ಟ್ ಬಂದರಿನಲ್ಲಿ ಹಳೆಯ ಪದ್ಧತಿಯ ಜೊತೆ ಪಂದ್ಯ ನಡೆಯಿತು. ಉಗಿ ಯಂತ್ರ ಕಂಬವನ್ನು ನಾಲ್ಕೂವರೆ ನಿಮಿಷದಲ್ಲಿ ಇಳಿಸಿತು. ಇನ್ನೊಂದು ಕಡೆಯವರಿಗೆ 12 ಗಂಟೆ ಬೇಕಾಯಿತು.

ಇಲ್ಲಿಗೆ ಹೆಚ್ಚಿನ ಪುಸ್ತಕಗಳು ಕಥೆ ನಿಲ್ಲಿಸುತ್ತವೆ. ನನಗೆ ಇಲ್ಲಿಂದ ಮುಂದಿನದೇ ಮುಖ್ಯ. ದೊಡ್ಡ ಸುತ್ತಿಗೆ ಬಂದರೂ ಶಾಫ್ಟುಗಳ ತಿರುಳು ಒಡೆಯೋದು ನಿಲ್ಲಲಿಲ್ಲ. ನಾಸ್ಮಿತ್ ಮುರಿದ ಶಾಫ್ಟುಗಳನ್ನು ನೋಡಿ ಎರಡು ಕಾರಣ ಹಿಡಿದ.

ಮೊದಲನೆಯದು ಬೆಸುಗೆಯ ಮುಖ. ಎರಡು ತುಂಡುಗಳನ್ನು ಬೆಸೆಯುವಾಗ ಮುಖಗಳು ಚಪ್ಪಟೆಯಾಗಿದ್ದರೆ, ಅಥವಾ ಒಂಚೂರು ತಗ್ಗಾಗಿದ್ದರೆ, ಪೆಟ್ಟು ಬಿದ್ದಾಗ ಅಂಚುಗಳು ಮೊದಲು ಕೂಡಿಕೊಳ್ಳುತ್ತವೆ. ಒಳಗೆ ಕರಗಿದ ಕಿಟ್ಟ ಸಿಕ್ಕಿಹಾಕಿಕೊಳ್ಳುತ್ತೆ. ಹೊರಗಿನಿಂದ ಬೆಸುಗೆ ಪರಿಪೂರ್ಣ, ಒಳಗೆ ಬರೀ ಕೊಳೆ. ಮುಖಗಳನ್ನು ಹೊಟ್ಟೆ ಉಬ್ಬಿದ ಹಾಗೆ ಮಾಡಿಟ್ಟರೆ ನಡುವೆ ಮೊದಲು ತಾಗುತ್ತೆ, ಆಮೇಲೆ ಒತ್ತಿದಂತೆಲ್ಲ ಕಿಟ್ಟ ಅಂಚಿನ ಕಡೆಗೆ ಓಡಿ ಹೊರಬೀಳುತ್ತೆ. ಇಷ್ಟೇ ಉಪಾಯ. ಮೊಬೈಲಿಗೆ ಸ್ಕ್ರೀನ್ ಗಾರ್ಡ್ ಅಂಟಿಸುವಾಗ ನಡುವಿನಿಂದ ಒತ್ತಿಕೊಂಡು ಬರ್ತೀವಲ್ಲ, ಗಾಳಿಗುಳ್ಳೆ ಉಳಿಯದ ಹಾಗೆ? ಅದೇ. ಹಡಗಿನ ಸರಪಳಿ, ಲಂಗರುಗಳು ಮುರಿಯೋದಕ್ಕೂ ಇದೇ ಕಾರಣ ಅಂತ ಅವನು ಅಧಿಕಾರಿಗಳಿಗೆ ವಿವರಿಸಿದ.

ಎರಡನೆಯದು ನನ್ನ ಹ್ಯಾಕ್ಸಾ ಬಿರುಕಿನ ಉತ್ತರ. ದುಂಡು ಸರಳನ್ನು ಚಪ್ಪಟೆ ಅಡಿಗಲ್ಲಿನ ಮೇಲಿಟ್ಟು ಚಪ್ಪಟೆ ಸುತ್ತಿಗೆಯಿಂದ ಹೊಡೆದರೆ ಒತ್ತಡ ಬೀಳೋದು ಎರಡೇ ಗೆರೆಯ ಮೇಲೆ, ಮೇಲೊಂದು ಕೆಳಗೊಂದು. ಸರಳು ಅಡ್ಡಡ್ಡ ಹರಡಿ ಮೊಟ್ಟೆಯಾಕಾರ ಆಗುತ್ತೆ, ನಡುವಿನ ತಿರುಳು ಎರಡೂ ಬದಿಗೆ ಎಳೆಯಲ್ಪಡುತ್ತೆ. ತಿರುಗಿಸಿ ಹೊಡೆದರೆ ಇನ್ನೊಂದು ದಿಕ್ಕಿಗೆ ಎಳೆತ. ಹೀಗೆ ತಿರುಗಿಸಿ ತಿರುಗಿಸಿ ಬಡಿದರೆ ತಿರುಳು ನಾರುನಾರಾಗಿ ಸಡಿಲಗೊಳ್ಳುತ್ತೆ. ಸಿವಿಲ್‌ನವರಿಗೆ ಇದು ಬೇಗ ಹೊಳೆಯುತ್ತೆ. ಕಾಂಕ್ರೀಟ್ ಸಿಲಿಂಡರನ್ನು ಮಲಗಿಸಿ ಒತ್ತಿ ಸೀಳುವ ಸ್ಪ್ಲಿಟ್ ಟೆನ್ಸೈಲ್ ಟೆಸ್ಟ್ ಇದೆಯಲ್ಲ, ಅಲ್ಲೂ ಒತ್ತೋದು ಮೇಲಿನಿಂದ, ಒಡೆಯೋದು ಎಳೆತದಿಂದ. ನಾಸ್ಮಿತ್ ಮಾಡಿದ್ದೇನು? ಅಡಿಗಲ್ಲಿಗೆ ಇಂಗ್ಲಿಷಿನ ವಿ ಅಕ್ಷರದಂಥ ತೋಡು ಕೊಟ್ಟ. ಈಗ ಶಾಫ್ಟಿಗೆ ಮೂರು ಕಡೆಯಿಂದ ಆಸರೆ, ಮೇಲಿನ ಪೆಟ್ಟು ಒಂದು, ತೋಡಿನ ಎರಡು ಕೆನ್ನೆಗಳಿಂದ ಎರಡು. ಮೂರೂ ನಡುವಿಗೇ ಗುರಿಯಿಟ್ಟು ಒತ್ತುತ್ತವೆ, ಬದಿಗೆ ಹರಡಲು ಜಾಗವೇ ಇಲ್ಲ. ಮೇಲ್ಮೈಯಿಂದ ಉದುರುವ ಚಕ್ಕೆಯೂ ತೋಡಿನ ತಳಕ್ಕೆ ಬಿದ್ದು ಕೆಲಸದಿಂದ ದೂರ ಉಳಿಯುತ್ತೆ. ಸುತ್ತಿಗೆಗಿಂತ ಇದೇ ದೊಡ್ಡ ಬುದ್ಧಿ ಅಂತ ನನ್ನ ಅಭಿಪ್ರಾಯ. ವೈವಾದಲ್ಲಿ ಇದನ್ನು ಯಾರೂ ಕೇಳೋಲ್ಲ ಬಿಡಿ. ಇದೇ ಸೀಳುವ ಗುಣವನ್ನು 1880ರ ದಶಕದಲ್ಲಿ ಜರ್ಮನಿಯ ಮ್ಯಾನೆಸ್‌ಮನ್ ಸಹೋದರರು ಉಪಯೋಗಕ್ಕೇ ತಿರುಗಿಸಿಕೊಂಡರು. ಬೇಕಂತಲೇ ತಿರುಳು ಸಡಿಲ ಮಾಡಿ, ಅಲ್ಲಿಗೆ ಮೊಳೆ ತೂರಿಸಿ, ಬೆಸುಗೆಯಿಲ್ಲದ ಪೈಪ್ ಮಾಡಿದರು.

ಎಲ್ಲ ಗೆಲುವೇ ಅಲ್ಲ. ಕ್ರಿಮಿಯಾ ಯುದ್ಧದ ಕಾಲದಲ್ಲಿ ನಾಸ್ಮಿತ್ ರಾಟ್ ಐರನ್‌ನಿಂದ ಒಂದು ದೈತ್ಯ ಫಿರಂಗಿ ಬಡಿಯಲು ಹೋಗಿ ಸೋತ. ದಪ್ಪ ಹೆಚ್ಚಾದಷ್ಟೂ ಕಾಯಿಸುವ ಹೊತ್ತು ಹೆಚ್ಚು, ಅಷ್ಟು ಹೊತ್ತು ಕಾದ ಕಬ್ಬಿಣದ ಹರಳುಗಳು ದಪ್ಪವಾಗಿ ಬೆಳೆದು ಬಲ ಕಳೆದುಕೊಳ್ಳುತ್ತವೆ. ಗ್ರೇನ್ ಗ್ರೋತ್ ಅಂತ ನಾವು ಮೆಟಲರ್ಜಿಯಲ್ಲಿ ಓದೋದು ಅವನಿಗೆ ನಷ್ಟದ ರೂಪದಲ್ಲಿ ಬಂತು. ಬ್ರೂನೆಲ್‌ನ ಮುಂದಿನ ಹಡಗು ಗ್ರೇಟ್ ಈಸ್ಟರ್ನ್‌ಗೆ ಬೇಕಾದ ಸುಮಾರು 40 ಟನ್‌ನ ಪ್ಯಾಡಲ್ ಶಾಫ್ಟನ್ನು ಗ್ಲಾಸ್ಗೋದಲ್ಲಿ ಬಡಿದರು. ಮೊದಲಿನ ಎರಡು ದೋಷದಿಂದ ತಿರಸ್ಕೃತವಾಗಿ ಮೂರನೆಯದು ನಿಂತಿತು.

ಕೆಲಸಗಾರರ ವಿಷಯದಲ್ಲಿ ನಾಸ್ಮಿತ್ ಒಳ್ಳೆಯವನು ಅಂತ ಹೇಳಲಾರೆ. ಏಳು ವರ್ಷ ಅಪ್ರೆಂಟಿಸ್ ಆದವರಿಗೇ ಕೆಲಸ ಕೊಡಬೇಕು ಅಂತ ಸಂಘದವರು ಮುಷ್ಕರ ಹೂಡಿದಾಗ ಸ್ಕಾಟ್ಲೆಂಡಿನಿಂದ ಜನ ತರಿಸಿ ಮುರಿದ. ತಾನಾಗಿ ಓಡುವ ಯಂತ್ರ ಹೆಚ್ಚಿಸಿ ಕುಶಲ ಕೈಗಳನ್ನು ಕಡಿಮೆ ಮಾಡಿದ್ದನ್ನು ಸರ್ಕಾರಿ ಆಯೋಗದ ಮುಂದೆ ಹೆಮ್ಮೆಯಿಂದ ಹೇಳಿಕೊಂಡ. ಮಾರ್ಕ್ಸ್‌ನ ಕ್ಯಾಪಿಟಲ್‌ನಲ್ಲಿ ಅವನ ಸುತ್ತಿಗೆಯೂ ಬರುತ್ತೆ, ಈ ಸಾಕ್ಷ್ಯವೂ ಬರುತ್ತೆ. ಬೂದಿ ಬಳಿಯಲೂ ಸಿದ್ಧನಿದ್ದ ಹುಡುಗ ಮಾಲೀಕನಾದ ಮೇಲೆ ಹೀಗಾದ.

ಕಂತೆ ಬೆಸೆದು ಶಾಫ್ಟ್ ಮಾಡುವ ಪದ್ಧತಿ ಉಕ್ಕು ಬಂದ ಮೇಲೆ ಸತ್ತಿತು. ಕರಗಿಸಿ ಎರಕ ಹೊಯ್ದ ಒಂದೇ ಗಟ್ಟಿ ಸಿಗುವಾಗ ಕಂತೆ ಯಾರಿಗೆ ಬೇಕು? ಆದರೆ ಈಗ ಅದೇ ಯೋಚನೆ ಬೇರೆ ವೇಷದಲ್ಲಿ ಮರಳಿದೆ. ಜರ್ಮನಿಯ ಹ್ಯಾನೋವರ್ ವಿಶ್ವವಿದ್ಯಾಲಯದಲ್ಲಿ 2015ರಿಂದ ಟೈಲರ್ಡ್ ಫಾರ್ಮಿಂಗ್ ಎಂಬ ದೊಡ್ಡ ಸಂಶೋಧನೆ ನಡೆದಿದೆ. ಉಕ್ಕಿನ ಸರಳಿಗೆ ಅಲ್ಯೂಮಿನಿಯಂ ಸರಳನ್ನು ಫ್ರಿಕ್ಷನ್ ವೆಲ್ಡಿಂಗ್‌ನಿಂದ ಮೊದಲೇ ಬೆಸೆದು, ಆಮೇಲೆ ಆ ಜೋಡಿ ತುಂಡನ್ನೇ ಕ್ರಾಸ್ ವೆಡ್ಜ್ ರೋಲಿಂಗಿನಲ್ಲೋ ಎಕ್ಸ್‌ಟ್ರೂಷನ್‌ನಲ್ಲೋ ಶಾಫ್ಟಿನ ಆಕಾರಕ್ಕೆ ತರೋದು. ಬೇರಿಂಗ್ ಕೂರುವಲ್ಲಿ ಗಟ್ಟಿ ಉಕ್ಕು, ಉಳಿದಲ್ಲಿ ಹಗುರ ಲೋಹ. ಬೆಸೆದ ಮೇಲೆ ರೂಪಿಸುವುದರಿಂದ ಬೆಸುಗೆಯ ಹರಳುಗಳೂ ಮುರಿದು ಸಣ್ಣದಾಗುತ್ತವೆ ಅನ್ನೋ ಆಸೆ. ಕಷ್ಟ ಏನಪ್ಪ ಅಂದ್ರೆ, ಅಲ್ಯೂಮಿನಿಯಂ 660 ಡಿಗ್ರಿಗೇ ಕರಗುತ್ತೆ, ಉಕ್ಕು ಮೆತ್ತಗಾಗಬೇಕಾದರೆ ಅದಕ್ಕಿಂತ ಬಹಳ ಮೇಲೆ ಹೋಗಬೇಕು. ಹಾಗಾಗಿ ಇಂಡಕ್ಷನ್ ಸುರುಳಿಯಿಂದ ಉಕ್ಕಿನ ಭಾಗವನ್ನಷ್ಟೇ ಹೆಚ್ಚು ಕಾಯಿಸಿ, ಇನ್ನೊಂದು ಭಾಗವನ್ನು ತಣ್ಣಗಿಡಬೇಕು. ಹೆಚ್ಚು ಹೊತ್ತು ಬಿಸಿಯಿದ್ದರೆ ಎರಡರ ನಡುವೆ ಕಬ್ಬಿಣ ಅಲ್ಯೂಮಿನಿಯಂ ಸೇರಿದ ಪೆಡಸು ಪದರ ಬೆಳೆಯುತ್ತೆ, ಹಪ್ಪಳದಂತೆ ಒಡೆಯುತ್ತೆ. ಇನ್ನು ಕ್ರಾಸ್ ವೆಡ್ಜ್ ರೋಲಿಂಗಿನಲ್ಲಿ ದುಂಡು ಸರಳು ಎರಡು ಕಡೆಯ ಒತ್ತಡದಲ್ಲಿ ಉರುಳುವುದರಿಂದ ತಿರುಳು ಸೀಳುವ ಭಯ ಅಲ್ಲೂ ತಪ್ಪಿಲ್ಲ. ನಾಸ್ಮಿತ್ ನೋಡಿದ್ದರೆ ಗುರುತು ಹಿಡೀತಿದ್ದ.

1856ರಲ್ಲಿ, ಬೆಸ್ಸೆಮರ್ ತನ್ನ ಉಕ್ಕನ್ನು ಘೋಷಿಸಿದ ಅದೇ ವರ್ಷ, ನಾಸ್ಮಿತ್ 48ನೇ ವಯಸ್ಸಿಗೆ ಕಾರ್ಖಾನೆ ಬಿಟ್ಟ. ದುಡ್ಡು ಸಾಕಷ್ಟಾಗಿತ್ತು. ಮಕ್ಕಳಿರಲಿಲ್ಲ. ಹೆಂಡತಿ ಆನ್ ಜೊತೆ ಕೆಂಟ್ ಪ್ರಾಂತ್ಯದ ಪೆನ್ಸ್‌ಹರ್ಸ್ಟ್‌ನಲ್ಲಿ ಮನೆ ಮಾಡಿ ಅದಕ್ಕೆ ಹ್ಯಾಮರ್‌ಫೀಲ್ಡ್ ಅಂತ ಹೆಸರಿಟ್ಟ. ಉಳಿದ ಬದುಕೆಲ್ಲ ಚಂದ್ರನಿಗೆ. ಅವನ 20 ಇಂಚಿನ ದೂರದರ್ಶಕದಲ್ಲಿ ಒಂದು ಜಾಣತನ ಇತ್ತು. ಕೊಳವೆ ಮೇಲೆ ಕೆಳಗೆ ಬಾಗಲು ಎರಡು ಬದಿಗೆ ಫಿರಂಗಿಗೆ ಇರುವಂಥ ಗುಜ್ಜು ಶಾಫ್ಟುಗಳು. ಅದರಲ್ಲಿ ಒಂದನ್ನು ಟೊಳ್ಳು ಮಾಡಿ, ಸಣ್ಣ ಕನ್ನಡಿಯೊಂದರಿಂದ ಬೆಳಕನ್ನು ಆ ಟೊಳ್ಳಿನ ಮೂಲಕ ಹೊರತಂದ. ದೂರದರ್ಶಕ ಎತ್ತ ಬಾಗಿದರೂ ಕಣ್ಣಿಡುವ ಜಾಗ ಕದಲೋಲ್ಲ, ಕುರ್ಚಿಯಲ್ಲಿ ಕೂತೇ ನೋಡಬಹುದು. ಇವತ್ತಿನ ಮಹಾ ದೂರದರ್ಶಕಗಳಲ್ಲೂ ಭಾರದ ಉಪಕರಣಗಳನ್ನು ಇಡೋದು ಈ ನಾಸ್ಮಿತ್ ಫೋಕಸ್‌ನಲ್ಲೇ. ಬೆಂಗಳೂರಿನ ಕೋರಮಂಗಲದ ಖಭೌತ ಸಂಸ್ಥೆಯೂ ಪಾಲ್ಗೊಂಡಿರುವ ಮೂವತ್ತು ಮೀಟರ್ ದೂರದರ್ಶಕದ ಯೋಜನೆಯಲ್ಲೂ ನಾಸ್ಮಿತ್ ವೇದಿಕೆಗಳಿವೆ.

1874ರಲ್ಲಿ ಜೇಮ್ಸ್ ಕಾರ್ಪೆಂಟರ್ ಜೊತೆ ಚಂದ್ರನ ಬಗ್ಗೆ ಒಂದು ಪುಸ್ತಕ ತಂದ. ದೂರದರ್ಶಕದಲ್ಲಿ ಕಂಡದ್ದನ್ನು ಫೋಟೋ ತೆಗೆಯುವಷ್ಟು ಕ್ಯಾಮೆರಾಗಳು ಬೆಳೆದಿರಲಿಲ್ಲ. ಅದಕ್ಕೆ ಚಿತ್ರ ಬರೆದು, ಆ ಚಿತ್ರ ನೋಡಿ ಪ್ಲಾಸ್ಟರಿನಲ್ಲಿ ಕುಳಿ, ಬೆಟ್ಟಗಳ ಮಾದರಿ ಮಾಡಿ, ಬಿಸಿಲಿನಲ್ಲಿಟ್ಟು ಫೋಟೋ ತೆಗೆದ. ಚಂದ್ರನ ಬೆಟ್ಟಸಾಲುಗಳು ಒಳಗಿನ ತಿರುಳು ತಣ್ಣಗಾಗಿ ಕುಗ್ಗಿ, ಹೊರಪದರ ಸುಕ್ಕಾಗಿ ಬಂದವು ಅನ್ನೋದು ಅವನ ವಾದ. ಅದನ್ನು ತೋರಿಸಲು ಪುಸ್ತಕದಲ್ಲಿ ಒಣಗಿದ ಸೇಬು, ಮುದುಕನ ಕೈ, ಇವುಗಳ ಫೋಟೋ ಪಕ್ಕಪಕ್ಕ ಇಟ್ಟ. ಅಲ್ಲೂ ಅವನ ಯೋಚನೆ ತಿರುಳಿನ ಮೇಲೇ.

ಅಷ್ಟರಲ್ಲಿ ಅವನ ಸುತ್ತಿಗೆ ಬೆಳೆಯುತ್ತಾ ಹೋಗಿ, ಅದೇ ಕ್ರೂಸೋದಲ್ಲಿ 1877ರಲ್ಲಿ 100 ಟನ್ನಿನ ಸುತ್ತಿಗೆ ಕೆಲಸ ಶುರುಮಾಡಿತು. ಅದರ ಚೌಕಟ್ಟು ಇಂದಿಗೂ ಆ ಊರಿನಲ್ಲಿ ಸ್ಮಾರಕವಾಗಿ ನಿಂತಿದೆ. ಆದರೆ ಆ ಹೊತ್ತಿಗಾಗಲೇ ದೊಡ್ಡ ಶಾಫ್ಟುಗಳ ಕೆಲಸ ಹೈಡ್ರಾಲಿಕ್ ಪ್ರೆಸ್ಸಿನ ಕಡೆ ವಾಲತೊಡಗಿತ್ತು. ಸುತ್ತಿಗೆಯ ಪೆಟ್ಟು ಎಷ್ಟೇ ದೊಡ್ಡದಾಗಿರಲಿ, ಕ್ಷಣದಲ್ಲಿ ಮುಗಿದು ಮೇಲ್ಮೈಯನ್ನೇ ಹೆಚ್ಚು ಹಿಗ್ಗಿಸುತ್ತೆ. ಪ್ರೆಸ್ಸು ನಿಧಾನವಾಗಿ, ಸದ್ದಿಲ್ಲದೆ ತಿರುಳಿನ ತನಕ ಹಿಂಡುತ್ತೆ. ಎಡಿನ್‌ಬರೋದಲ್ಲಿ ಒಂದು ಭಾನುವಾರ ಅಪ್ಪ ವೈಸ್‌ನಲ್ಲಿ ರಿವೆಟ್ ಹಿಂಡಿದ್ದರಲ್ಲ, ಹಾಗೆ.

ನಾಸ್ಮಿತ್ 1890ರ ಮೇ 7ರಂದು ಲಂಡನ್ನಿನಲ್ಲಿ ತೀರಿಕೊಂಡ. ಎಡಿನ್‌ಬರೋದ ಡೀನ್ ಸ್ಮಶಾನದಲ್ಲಿ ಅವನ ಸಮಾಧಿ ಇದೆ. ಚಂದ್ರನ ಮೇಲಿನ ಒಂದು ಕುಳಿಗೂ ಅವನ ಹೆಸರಿದೆ.